ಮೂರು ಚಳಿಗಾಲ ಕಂಡ ನನ್ನ ಬ್ಯಾಟರಿ ಬನಿಯನ್

ಕುಂಬಳೆ ಕಡಲಲ್ಲಿ ಈಜು ಕಲಿತವನಿಗೆ ಬ್ಯಾಟರಿಯಿಂದ ಬಿಸಿಯಾಗುವ ಬನಿಯನ್ ಯಾಕಪ್ಪಾ ಅಂತ ಊರಲ್ಲಿ ನಗುತ್ತಾರೆ. ನಮ್ಮ ಕಡೆ ತಣ್ಣೀರು ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು, ಅಷ್ಟೇ. ಆದರೆ ನನ್ನ ಡೈವಿಂಗ್ ಕೆಲಸ ನಾರ್ವೆಯಲ್ಲಿ. ಸಾಲ್ಮನ್ ಸಾಕುವ ಬಲೆಗಳ ಹರಕು ಹೊಲಿಯಬೇಕು. ಚಳಿಗಾಲದಲ್ಲಿ ಅಲ್ಲಿ ನೀರು 4-5 ಡಿಗ್ರಿ. ಈಜುತ್ತಿದ್ದರೆ ಹೇಗೋ ಆಗುತ್ತದೆ. ಬಲೆ ಹಿಡಿದು ಒಂದೇ ಕಡೆ ಮುಕ್ಕಾಲು ಗಂಟೆ ನಿಂತರೆ ಹಲ್ಲು ಕಟಕಟ. ಗಾಳಿಗಿಂತ ನೀರು ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ.

ಬನಿಯನ್, ಬ್ಯಾಟರಿ, ನೀರು ಒಳಬಿಡದ ಡ್ರೈ ಸೂಟಿನೊಳಗೆ ವೈರ್ ದಾಟಿಸುವ ವಾಲ್ವ್ ಎಲ್ಲ ಸೇರಿ ಒಂದು ಲಕ್ಷ ದಾಟಿತು. ಬ್ಯಾಟರಿ ಸೂಟಿನ ಹೊರಗೆ, ಸೊಂಟದ ಬೆಲ್ಟಿನಲ್ಲಿ. ಬ್ಯಾಟರಿ ಒಳಗಿಡುವ ನಮೂನೆ ಅಗ್ಗಕ್ಕೆ ಸಿಗುತ್ತದೆ, ನಾನು ಮುಟ್ಟಲಿಲ್ಲ. ನೀರಿನಡಿ ಅದು ಕಾದು ಕೆಟ್ಟರೆ ತೆಗೆದು ಬಿಸಾಡುವುದು ಹೇಗೆ ಮಾರಾಯ್ರೇ?

ಮೊದಲ ವರ್ಷ ಸುಖವೋ ಸುಖ. ಬೆನ್ನಿಗೆ ಯಾರೋ ಬಿಸಿನೀರಿನ ಚೀಲ ಇಟ್ಟ ಹಾಗೆ. ಅದೇ ತಪ್ಪಾಯಿತು. ಹೇಗೂ ಬಿಸಿ ಇದೆಯಲ್ಲ ಅಂತ ಒಳಗಿನ ದಪ್ಪ ಉಣ್ಣೆ ಬಿಟ್ಟು ತೆಳ್ಳಗಿನದು ಹಾಕತೊಡಗಿದೆ. ಎರಡನೇ ಚಳಿಗಾಲದ ಒಂದು ಬೆಳಿಗ್ಗೆ, ನೀರಿಗಿಳಿದು ಕಾಲು ಗಂಟೆಗೆ ಬಿಸಿ ನಿಂತಿತು. ಮೊದಲು ಗೊತ್ತೇ ಆಗಲಿಲ್ಲ. ಆಮೇಲೆ ಸೂಜಿ ಕೈಯಿಂದ ಜಾರಿತು. ಎತ್ತಿಕೊಳ್ಳಲು ನೋಡಿದರೆ ಬೆರಳು ಮಡಚುತ್ತಿಲ್ಲ. ಕೆಲಸ ಬಿಟ್ಟು ಮೇಲೆ ಬಂದೆ. ಬಿಚ್ಚಿ ನೋಡಿದರೆ ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು. ಸಿಹಿನೀರಿನಲ್ಲಿ ತೊಳೆಯಲು ಸೋಮಾರಿತನ ಮಾಡಿದ್ದು ನಾನೇ. ಈಗ ಬನಿಯನ್ ಇಲ್ಲವೇ ಇಲ್ಲ ಅಂತ ಲೆಕ್ಕ ಹಾಕಿ ಉಣ್ಣೆ ಹಾಕುತ್ತೇನೆ, ಅದರ ಮೇಲೆ ಇದು.

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಇಳಿಯುವಾಗಲೇ ಬಿಸಿ ಜೋರು ಮಾಡಬಾರದು. ಆಳದಲ್ಲಿ ಒತ್ತಡಕ್ಕೆ ನೈಟ್ರೋಜನ್ ಮೈಯಲ್ಲಿ ಕರಗುತ್ತದೆ. ಮೈ ಬೆಚ್ಚಗಿದ್ದರೆ ರಕ್ತದ ಓಡಾಟ ಜಾಸ್ತಿ, ನೈಟ್ರೋಜನ್ ಸೇರುವುದೂ ಜಾಸ್ತಿ. ಮೇಲೇರುವಾಗ ಬ್ಯಾಟರಿ ಮುಗಿದು ಚಳಿ ಹಿಡಿದರೆ ಅದು ಹೊರಹೋಗುವುದು ನಿಧಾನ. ಅಮೆರಿಕದ ನೌಕಾಪಡೆಯವರ 2007ರ ಪ್ರಯೋಗದಲ್ಲಿ ಕಂಡದ್ದೂ ಇದೇ. ತಳದಲ್ಲಿ ತಣ್ಣಗಿದ್ದು ಮೇಲೇರುವಾಗ ಬೆಚ್ಚಗಿದ್ದವರಿಗೆ ಡಿಕಂಪ್ರೆಷನ್ ತೊಂದರೆ, ಅಂದರೆ ಕರಗಿದ ನೈಟ್ರೋಜನ್ ಮೈಯೊಳಗೆ ಗುಳ್ಳೆಯಾಗಿ ಕಾಡುವುದು, ಕಡಿಮೆ. ಹಾಗಾಗಿ ನಾನು ಕೆಳಗೆ ಬಿಸಿ ಕಡಿಮೆ ಇಟ್ಟು, ಮೇಲೇರುವಾಗ ಜಾಸ್ತಿ ಮಾಡುತ್ತೇನೆ.

ಭುಜದ ಪಟ್ಟಿ ಒತ್ತುವಲ್ಲಿ ಒಮ್ಮೆ ಚರ್ಮ ಕೆಂಪಾಗಿತ್ತು. ಬರೀ ಮೈಮೇಲೆ ಹಾಕಬೇಡಿ.

ವಿಮಾನದಲ್ಲಿ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು. ಅದರಲ್ಲಿ ತುಂಬುವ ವಿದ್ಯುತ್ತಿನ ಅಳತೆ 100 ವಾಟ್-ಅವರ್ ಒಳಗಿದ್ದರೆ ಸುಲಭ. ನನ್ನದು 11.1 ವೋಲ್ಟ್, 7.8 ಆಂಪಿಯರ್-ಅವರ್. ಗುಣಿಸಿದರೆ 86 ಚಿಲ್ಲರೆ. ಆದರೂ ಮಂಗಳೂರಿನಲ್ಲಿ ಪ್ರತಿ ಸಲ ತೆಗೆದು ತೋರಿಸಬೇಕು.

ಮಳೆಗಾಲದ ರಜೆಗೆ ಬನಿಯನ್ ಊರಿಗೆ ತಂದದ್ದು ಇನ್ನೊಂದು ಕತೆ. ವಾರದಲ್ಲಿ ಬೂಷ್ಟು ಹಿಡಿಯಿತು. ಅಮ್ಮ ಪಾಪ, ಒಣಗಲಿ ಅಂತ ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದರು, ಅಡಿಕೆ ಚೀಲದ ಪಕ್ಕ. ಪುಣ್ಯಕ್ಕೆ ಬ್ಯಾಟರಿ ಕಪಾಟಿನಲ್ಲಿತ್ತು, ಅರ್ಧ ಚಾರ್ಜಿನಲ್ಲಿ. ಹೊಗೆ ವಾಸನೆ ನಾರ್ವೆ ತನಕ ಬಂತು.

ಹೊಸತರಲ್ಲಿ ಜೋರು ಬಿಸಿ ಒಂದೂವರೆ ಗಂಟೆ ಬರುತ್ತಿತ್ತು. ಈಗ ಒಂದು ಗಂಟೆ ಬಂದರೆ ಹೆಚ್ಚು. ಹೊಸ ಬ್ಯಾಟರಿಗೆ ಬೆಲೆ ಕೇಳಿದೆ, ಬನಿಯನ್ನಿನಷ್ಟೇ ಹೇಳಿದರು. ಇನ್ನೊಂದು ಚಳಿಗಾಲ ಇದರಲ್ಲೇ ದೂಡುವ ಅಂತಿದ್ದೇನೆ.