ಶುಗರ್ ಇರುವವರ ಹೊಟ್ಟೆಗೆ ಯಾವ ಆಸನ? ಮೂರನ್ನೂ ಮಾಡಿ ನೋಡಿದ ಮೇಲೆ

ನನ್ನ ಓಟು ಪವನಮುಕ್ತಾಸನಕ್ಕೆ. ಟೈಪ್ 2 ಶುಗರ್ ಜೊತೆಗೆ ಹೊಟ್ಟೆ ಉಬ್ಬರ, ಮಲಬದ್ಧತೆ ಇರುವವರು ಮೊದಲು ಅದನ್ನೇ ಹಿಡಿಯಿರಿ. ವಜ್ರಾಸನ, ಅರ್ಧ ಮತ್ಸ್ಯೇಂದ್ರಾಸನಗಳನ್ನೂ ಬಿಡದೆ ಮಾಡಿ ನೋಡಿಯೇ ಹೇಳುತ್ತಿದ್ದೇನೆ.

ವಜ್ರಾಸನ ಅಂದರೆ ಮಂಡಿ ಮಡಚಿ ಹಿಮ್ಮಡಿಗಳ ಮೇಲೆ ಕೂರುವುದು. ಅದಕ್ಕೆಂದೇ ದಪ್ಪನೆಯ ಮ್ಯಾಟ್ ಕೊಂಡೆ, ಒಂದು ಸಣ್ಣ ದಿಂಬನ್ನೂ ಕೊಂಡೆ. ಊಟವಾದ ತಕ್ಷಣ ಮಾಡಬಹುದಾದ ಆಸನ ಅಂತ ಎಲ್ಲರೂ ಹೇಳುವುದು ಇದನ್ನೇ, ಅಲ್ವಾ? ರಾತ್ರಿ ಊಟ ಮುಗಿಸಿ ಕೂತರೆ ಹುಳಿತೇಗು ನಿಜವಾಗಿಯೂ ಕಡಿಮೆ ಆಗುತ್ತಿತ್ತು. ಬೆನ್ನು ನೇರ ಇದ್ದರೆ ಹೊಟ್ಟೆಯ ಆಮ್ಲ ಸುಲಭವಾಗಿ ಮೇಲೆ ನುಗ್ಗುವುದಿಲ್ಲ.

ಆದರೆ ಕಾಲು ಜೋಮು ಹಿಡಿಯುತ್ತಿತ್ತು. ಎದ್ದು ಓಡಾಡಿದ ಮೇಲೂ ಹೆಬ್ಬೆರಳ ಹತ್ತಿರ ಮರಗಟ್ಟಿದ ಹಾಗೇ ಇರುತ್ತಿತ್ತು. ದಿಂಬು ಇಟ್ಟರೂ ಅಷ್ಟೇ, ಮ್ಯಾಟ್ ಮಡಚಿ ಹಾಕಿದರೂ ಅಷ್ಟೇ. ಮಂಡಿಯ ಹೊರಬದಿಯಲ್ಲಿ, ಚರ್ಮದ ಕೆಳಗೇ ಒಂದು ನರ ಹಾದುಹೋಗುತ್ತದೆ. ಪಾದವನ್ನು ಮೇಲೆತ್ತುವ ಶಕ್ತಿ ಬರುವುದು ಅದರಿಂದ. ಮಂಡಿ ಪೂರ್ತಿ ಮಡಚಿ ಬಹಳ ಹೊತ್ತು ಕೂತರೆ ಅದು ಅದುಮಿ ಹೋಗುತ್ತದೆ. ಗಂಟೆಗಟ್ಟಲೆ ವಜ್ರಾಸನದಲ್ಲಿ ಕೂತ ಒಬ್ಬರಿಗೆ ಪಾದ ಎತ್ತಲಾಗದೇ ಹೋದ ಸಂಗತಿ 1971ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು.

ನಾವು ಕೂರುವುದು ಐದು ಹತ್ತು ನಿಮಿಷ, ಸರಿ. ಆದರೆ ವರ್ಷಗಟ್ಟಲೆ ಶುಗರ್ ಇರುವವರ ನರ ಮೊದಲೇ ಬಡವಾಗಿರಬಹುದು. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಎಲ್ಲಿ ಒತ್ತುತ್ತಿದೆ ಅನ್ನುವುದೂ ತಿಳಿಯುವುದಿಲ್ಲ. ಇನ್ನೊಂದು ವಿಷಯ. ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಬಹಳ ಕಾಲ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಿಯೂ ಕಾಲು ಜೋಮು ಬರಬಹುದು. ಜೋಮು ಇದ್ದವರು ಅದನ್ನು ಆಸನದ ಲೆಕ್ಕಕ್ಕೆ ಹಾಕಿ ಸುಮ್ನೆ ಕೂರಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಕೂತು ಸೊಂಟದಿಂದ ಮೈ ತಿರುಚುವ ಅರ್ಧ ಮತ್ಸ್ಯೇಂದ್ರಾಸನಕ್ಕೆ ಹೆಸರು ದೊಡ್ಡದು. ಮತ್ಸ್ಯೇಂದ್ರಾಸನ ಜಠರಾಗ್ನಿಯನ್ನು ಹೆಚ್ಚಿಸುತ್ತದೆ ಅಂತ ಹಠಯೋಗ ಪ್ರದೀಪಿಕೆ ಅನ್ನುವ ಹಳೆಯ ಯೋಗಗ್ರಂಥದಲ್ಲೇ ಇದೆ. ಆದರೆ ಸೊಂಟದ ಸುತ್ತ ಬೊಜ್ಜು ಇದ್ದರೆ ಮೈ ತಿರುಗುವುದೇ ಇಲ್ಲ. ಹತ್ತಿರ ಕೂತು ತಿದ್ದುವವರು ಬೇಕು, ಅದಕ್ಕೆ ತಿಂಗಳು ತಿಂಗಳು ಫೀಸು ಬೇಕು.

ಪವನಮುಕ್ತಾಸನಕ್ಕೆ ಜಮಖಾನ ಸಾಕು. ಬೆಳಿಗ್ಗೆ ಬಿಸಿನೀರು ಕುಡಿದು, ಸ್ವಲ್ಪ ಬಿಟ್ಟು, ಅಂಗಾತ ಮಲಗಿ ಮಾಡುತ್ತೇನೆ. ಮಂಡಿ ಮಡಚಿ ಕೈಯಿಂದ ಹೊಟ್ಟೆಗೆ ಒತ್ತಿ ಹಿಡಿಯುವುದು, ಮೊದಲು ಬಲಮಂಡಿ, ಆಮೇಲೆ ಎಡಮಂಡಿ. ದೊಡ್ಡ ಕರುಳು ಬಲಗಡೆ ಮೇಲಕ್ಕೆ ಹೋಗಿ, ಅಡ್ಡ ಹಾಯ್ದು, ಎಡಗಡೆ ಇಳಿಯುತ್ತದೆ. ಒತ್ತಡವೂ ಅದೇ ದಾರಿಯಲ್ಲಿ ಸಾಗಲಿ ಅಂತ ಈ ಕ್ರಮ. ಗ್ಯಾಸ್ ಅಲ್ಲೇ ಹೊರಟುಹೋಗುತ್ತದೆ, ಶೌಚ ಸಲೀಸಾಗುತ್ತದೆ. ಕಾಲಿನ ಮೇಲೆ ಮೈಭಾರ ಬೀಳುವುದೇ ಇಲ್ಲ. ಕತ್ತು ನೋವಿದ್ದರೆ ತಲೆ ಎತ್ತದೆ ಮಾಡಿ. ಹೊಟ್ಟೆಯ ಆಪರೇಷನ್ ಆದವರು, ಹರ್ನಿಯಾ ಇರುವವರು ಡಾಕ್ಟರನ್ನು ಕೇಳದೆ ಮಾಡಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಶುಗರ್ ತೀರಾ ಇಳಿಯಬಹುದು, ಅವರು ಖಾಲಿ ಹೊಟ್ಟೆಯಲ್ಲಿ ಏನೇ ಮಾಡಿದರೂ ಸಕ್ಕರೆ ಕೈಗೆಟಕುವಂತೆ ಇಟ್ಟುಕೊಳ್ಳಿ.

ಇದು ಊಟದ ನಂತರ ಮಾಡುವಂಥದ್ದಲ್ಲ, ಅದೊಂದು ಕೊರತೆ. ಅದಕ್ಕೆ ರಾತ್ರಿ ಮುದ್ದೆ ಊಟ ಆದಮೇಲೆ ಹತ್ತು ನಿಮಿಷ ನಡೆಯುತ್ತೇನೆ. 2016ರಲ್ಲಿ ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು ಟೈಪ್ 2 ಶುಗರ್ ಇರುವವರನ್ನೇ ನಡೆಸಿ ನೋಡಿದರು. ದಿನಕ್ಕೊಮ್ಮೆ 30 ನಿಮಿಷ ನಡೆಯುವುದಕ್ಕಿಂತ, ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಊಟದ ಮೇಲಿನ ಶುಗರ್ ಜಾಸ್ತಿ ಇಳಿಯಿತು.

ಉಬ್ಬರಕ್ಕೆ ಮೆಟ್‌ಫಾರ್ಮಿನ್ನೇ ಕಾರಣ ಇರಬಹುದು. ನಿಧಾನವಾಗಿ ಕರಗುವ ಮಾತ್ರೆ ಬರುತ್ತದೆ, ಡಾಕ್ಟರನ್ನು ಕೇಳಿ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗಿ ವಾಂತಿಯಾಗುತ್ತಿದ್ದರೆ ಮಾತ್ರ ಯಾವ ಆಸನವನ್ನೂ ನೆಚ್ಚಬೇಡಿ. ಜಠರದ ನರಕ್ಕೇ ಶುಗರ್ ಹೊಡೆತ ಬಿದ್ದಿರಬಹುದು, ಮೊದಲು ತೋರಿಸಿ.