ಏಸ್ ಸಾಕೇ, ಬೊಲೆರೊ ಪಿಕ್‌ಅಪ್ ಬೇಕೇ? ಎರಡನ್ನೂ ದುಡಿಸಿದ ಮೇಲಿನ ವಿಮರ್ಶೆ

ಬಾಡಿಗೆಗೆ ಗಾಡಿ ಕೊಳ್ಳಲು ಹೊರಟವರೆಲ್ಲ ಶೋರೂಮಿನಲ್ಲಿ ಮೊದಲು ಕೇಳುವುದು ‘ಎಷ್ಟು ಲೋಡ್ ಎಳೆಯುತ್ತೆ?’ ಎಂದು. ಅದಕ್ಕಿಂತ ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡಿವೆ. ವಾರದಲ್ಲಿ ಹೆಚ್ಚಿನ ದಿನ ಎಷ್ಟು ತೂಕದ ಬಾಡಿಗೆ ಸಿಗುತ್ತದೆ? ಅದನ್ನು ಇಳಿಸುವ ಜಾಗ ಎಂಥದ್ದು? ಸುಗ್ಗಿಯ ಹದಿನೈದು ದಿನದ ಲೋಡ್ ನೋಡಿ ದೊಡ್ಡ ಗಾಡಿ ತಂದವರು ಉಳಿದ ತಿಂಗಳುಗಳಲ್ಲಿ ಕಂತಿಗೆ ಒದ್ದಾಡುತ್ತಾರೆ. ಕಂತು ಕಡಿಮೆ ಎಂದು ಚಿಕ್ಕದು ತಂದವರು ಅದರ ಮೇಲೆ ಎರಡರಷ್ಟು ಹೇರಿ ಮೂರೇ ವರ್ಷಕ್ಕೆ ಗಾಡಿಯನ್ನು ಹಣ್ಣು ಮಾಡುತ್ತಾರೆ.

ಇಲ್ಲಿ ಹೋಲಿಸುತ್ತಿರುವುದು ಟಾಟಾ ಏಸ್ ಗೋಲ್ಡ್ ಪೆಟ್ರೋಲ್ ಮತ್ತು ಮಹೀಂದ್ರ ಬೊಲೆರೊ ಪಿಕ್‌ಅಪ್‌ನ 1.7 ಟನ್ ಮಾದರಿಯನ್ನು. ಏಸ್‌ನಲ್ಲಿರುವುದು 694 ಸಿಸಿಯ ಎರಡು ಸಿಲಿಂಡರ್ ಎಂಜಿನ್; 30 ಪಿಎಸ್ ಶಕ್ತಿ, 55 ಎನ್‌ಎಂ ಟಾರ್ಕ್ (ಚಕ್ರ ತಿರುಗಿಸುವ ಬಲ), 12 ಇಂಚಿನ ಚಕ್ರ, 750 ಕೆಜಿ ಲೋಡ್. ಬೊಲೆರೊದಲ್ಲಿ 2,523 ಸಿಸಿಯ ನಾಲ್ಕು ಸಿಲಿಂಡರ್ ಡೀಸೆಲ್. 75 ಎಚ್‌ಪಿ, 200 ಎನ್‌ಎಂ, 15 ಇಂಚಿನ ಚಕ್ರ. ಬೆಲೆಯಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು ಅಂತರ.

ಕೋಲಾರದ ಟೊಮೆಟೊ ಮಂಡಿಯ ಲೆಕ್ಕ ಹಾಕಿದರೆ ವಿಷಯ ಬೇಗ ತಿಳಿಯುತ್ತದೆ. ಒಂದು ಕ್ರೇಟಿಗೆ 15 ಕೆಜಿ ಹಣ್ಣು, ಖಾಲಿ ಕ್ರೇಟಿನ ತೂಕ ಸೇರಿಸಿ 17 ಎಂದಿಟ್ಟುಕೊಳ್ಳಿ. ಏಸ್‌ಗೆ ಕಾನೂನಿನ ಪ್ರಕಾರ ಹಿಡಿಸುವುದು 44 ಕ್ರೇಟ್. ಅದರ ಬಾಡಿ ಏಳು ಅಡಿ ಚಿಲ್ಲರೆ ಉದ್ದ, ಐದು ಅಡಿಗೆ ಸ್ವಲ್ಪ ಕಡಿಮೆ ಅಗಲ. ಒಂದೂಮುಕ್ಕಾಲು ಅಡಿ ಉದ್ದದ ಕ್ರೇಟ್ ಆದರೆ ಒಂದು ಸಾಲಿಗೆ, ಅಂದರೆ ಹಲಗೆ ತುಂಬ ಹಾಸಿದ ಒಂದು ಪದರಕ್ಕೆ, 16 ಕೂರುತ್ತವೆ. ಅಂದರೆ ಮೂರನೇ ಸಾಲು ತುಂಬುವ ಮೊದಲೇ ತೂಕ ಮುಗಿಯಿತು. ಮಂಡಿಯ ಮುಂದೆ ನಿಂತು ನೋಡಿ, ಐದು ಸಾಲು ಹೇರಿದ ಏಸ್‌ಗಳು ಎಷ್ಟೋ ಕಾಣುತ್ತವೆ. ಐದು ಸಾಲೆಂದರೆ 80 ಕ್ರೇಟ್, 1,360 ಕೆಜಿ. ಬೊಲೆರೊದ ಒಂಬತ್ತು ಅಡಿ ಬಾಡಿಯಲ್ಲಿ ಕ್ರೇಟನ್ನು ಅಡ್ಡಲಾಗಿ ಜೋಡಿಸಿದರೆ ಸಾಲಿಗೆ 21. ನೂರು ಕ್ರೇಟಿಗೆ 1,700 ಕೆಜಿ ಸರಿಹೋಗುತ್ತದೆ, ಅದೂ ಐದು ಸಾಲಿನೊಳಗೆ. ಸಿಮೆಂಟಿನ ಲೆಕ್ಕದಲ್ಲಾದರೆ ಏಸ್‌ಗೆ 15 ಮೂಟೆ, ಬೊಲೆರೊಗೆ 34.

ಆದರೆ ಎಲ್ಲ ಬಾಡಿಗೆಯೂ ತೂಕದ್ದಲ್ಲ. ರೇಷ್ಮೆಗೂಡು, ಪ್ಲಾಸ್ಟಿಕ್ ಸಾಮಾನು, ಬ್ರೆಡ್, ಹೂವು ಇವೆಲ್ಲ ತೂಕಕ್ಕಿಂತ ಮೊದಲು ಜಾಗ ತಿನ್ನುತ್ತವೆ. ಇಂಥ ಲೋಡಿಗೆ ಏಸ್‌ನ ಎಂಜಿನ್ ಸಾಕು, ಬಾಡಿ ಸಾಲದು. ಎತ್ತರದ ಜಾಲರಿ ಕಟ್ಟಿಸಿದರೆ ಕೆಲಸ ನಡೆಯುತ್ತದೆ. ಕಬ್ಬಿಣದ ಜಾಲರಿ, ಮೇಲಿನ ಕಮಾನು, ಟಾರ್ಪಲ್, ಹಗ್ಗ ಇಷ್ಟರ ತೂಕವೂ ಲೋಡಿನಿಂದಲೇ ಕಳೆಯುತ್ತದೆ ಎಂಬುದು ನೆನಪಿರಲಿ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆಯಿರಿ. ಉಳಿದದ್ದರಲ್ಲಿ ಡ್ರೈವರ್, ಕ್ಲೀನರ್ ಕೂಡ ಸೇರಿದ್ದಾರೆ.

ಇಂಧನದ ಖರ್ಚಿನ ಬಗ್ಗೆ ಜನ ಹೇಳುವುದಕ್ಕೂ ನಿಜಕ್ಕೂ ದೂರ ಇದೆ. ಲೋಡಿನಲ್ಲಿ ಏಸ್ ಪೆಟ್ರೋಲ್ ಲೀಟರಿಗೆ 14ರಿಂದ 16 ಕಿಲೋಮೀಟರ್ ಕೊಡುತ್ತದೆ, ಬೊಲೆರೊ 11ರಿಂದ 13. ಪೆಟ್ರೋಲಿಗೆ 102, ಡೀಸೆಲ್‌ಗೆ 90 ರೂಪಾಯಿ ಎಂದು ಹಿಡಿದು ನಡುವಿನ ಮೈಲೇಜ್ ತೆಗೆದುಕೊಂಡರೆ ಕಿಲೋಮೀಟರಿಗೆ ಏಸ್‌ಗೆ 6.80, ಬೊಲೆರೊಗೆ 7.50 ರೂಪಾಯಿ. ಅಂತರ ಎಪ್ಪತ್ತೇ ಪೈಸೆ! ತುಂಬಿದ ಲೋಡಿನ ಮೇಲೆ ಹಂಚಿದರೆ ಟನ್ನಿಗೆ, ಕಿಲೋಮೀಟರಿಗೆ ಏಸ್‌ಗೆ ಒಂಬತ್ತು ರೂಪಾಯಿ, ಬೊಲೆರೊಗೆ ನಾಲ್ಕೂವರೆಗಿಂತ ಕಡಿಮೆ. ಡ್ರೈವರ್ ಬಾಟಾ ಎರಡಕ್ಕೂ ಒಂದೇ. ಥರ್ಡ್ ಪಾರ್ಟಿ ವಿಮೆಯೂ ಒಂದೇ: 2022ರ ದರಪಟ್ಟಿಯಲ್ಲಿ 7,500 ಕೆಜಿವರೆಗಿನ ಸರಕು ಗಾಡಿಗಳಿಗೆಲ್ಲ 16,049 ರೂಪಾಯಿ. ಹಾಗಾಗಿ ಒಂದು ಟನ್ನಿಗಿಂತ ಹೆಚ್ಚಿನ ಲೋಡ್ ವಾರಕ್ಕೆ ನಾಲ್ಕು ದಿನ ಖಚಿತವಾಗಿ ಇದೆ ಎನ್ನುವವರು ಏಸ್‌ನಲ್ಲಿ ಎರಡು ಟ್ರಿಪ್ ಹೊಡೆಯುವ ಯೋಚನೆ ಬಿಡಬೇಕು. ಮಂಡಿಯಲ್ಲಿ ಸರದಿ ಕಾದು ಇಳಿಸುವಷ್ಟರಲ್ಲಿ ಎರಡನೇ ಟ್ರಿಪ್‌ನ ಹೊತ್ತು ಕಳೆದಿರುತ್ತದೆ.

ಪೇಟೆಯೊಳಗೆ ಮಾತ್ರ ಲೆಕ್ಕ ತಿರುಗುತ್ತದೆ. ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಯಂಥ ಕಡೆ ಅಂಗಡಿಯ ಬಾಗಿಲಿಗೇ ಸಾಮಾನು ಇಳಿಸಬೇಕು. ಏಸ್‌ನ ತಿರುವಿನ ತ್ರಿಜ್ಯ 4.3 ಮೀಟರ್, ಪಿಕ್‌ಅಪ್‌ಗೆ ಅದಕ್ಕಿಂತ ಒಂದು ಮೀಟರಿಗೂ ಹೆಚ್ಚು ಬೇಕು. ಏಸ್‌ನ ಹಲಗೆ ತಗ್ಗಿನಲ್ಲಿರುವುದರಿಂದ ಡ್ರೈವರ್ ಒಬ್ಬನೇ ಇಳಿಸಬಹುದು. ಬೊಲೆರೊ ಆದರೆ ಮೇಲೊಬ್ಬ, ಕೆಳಗೊಬ್ಬ ಇರಬೇಕು. ದಿನಕ್ಕೆ ಎಂಟು ಹತ್ತು ಕಡೆ ಇನ್ನೂರು ಮುನ್ನೂರು ಕೆಜಿ ಇಳಿಸುವ ಕೆಲಸಕ್ಕೆ ದೊಡ್ಡ ಗಾಡಿ ತರುವುದು ತಪ್ಪು. ಅಲ್ಲದೆ ಬಿಎಸ್-6 ಎಂಬ ಹೊಗೆ ನಿಯಮಕ್ಕೆ ಒಳಪಟ್ಟ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿ ಒಂದಷ್ಟು ದೂರ ಓಡಿದರೆ ಮಾತ್ರ ಅದರ ಮಸಿ ಸುಟ್ಟುಹೋಗುತ್ತದೆ. ಊರೊಳಗೇ ನಿಂತು ನಿಂತು ಓಡುವ ಗಾಡಿಯಲ್ಲಿ ಅದು ಕಟ್ಟಿಕೊಂಡು ಮೀಟರಿನ ಎಚ್ಚರಿಕೆ ದೀಪ ಹತ್ತುತ್ತದೆ, ಎಂಜಿನ್ನಿನ ಎಳೆತ ಸಾಯುತ್ತದೆ. ದೀಪ ಹತ್ತಿದ ದಿನವೇ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಿಸಿ ಬನ್ನಿ.

ಇನ್ನು ಓವರ್‌ಲೋಡ್. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಚಿಕ್ಕ ಗಾಡಿಗಳು ಹಾಳಾಗುವುದು ಬಹುಪಾಲು ಇದರಿಂದಲೇ. 12 ಇಂಚಿನ ಚಕ್ರ 15 ಇಂಚಿನದಕ್ಕಿಂತ ಕಿಲೋಮೀಟರಿಗೆ ನೂರಕ್ಕೂ ಹೆಚ್ಚು ಸುತ್ತು ಜಾಸ್ತಿ ತಿರುಗುತ್ತದೆ. ಅದರ ಮೇಲೆ ತೂಕ ಜಾಸ್ತಿ, ಗಾಳಿ ಕಡಿಮೆ ಎಂದರೆ ಟೈರಿನ ಪಕ್ಕೆ ಮಡಚಿ ಮಡಚಿ ಕಾಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಸಿಡಿಯುವುದು ಅದಕ್ಕೇ. ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿಸಿ, ಕಂಪನಿ ಹೇಳಿದಷ್ಟೇ ಇಡಿ.

ಗಾಡಿ ಹಿಂದಕ್ಕೆ ಕೂರುತ್ತದೆ ಎಂದು ಕಮಾನ್ ಪ್ಲೇಟ್ (ಹಿಂದಿನ ಸ್ಪ್ರಿಂಗಿನ ಉಕ್ಕಿನ ಪಟ್ಟಿ) ಒಂದೆರಡು ಹೆಚ್ಚಿಗೆ ಹಾಕಿಸುವುದು ಎಲ್ಲ ಊರಲ್ಲೂ ನಡೆಯುತ್ತದೆ. ಪ್ಲೇಟ್ ಹಾಕಿದರೆ ಗಾಡಿ ಕೂರುವುದಿಲ್ಲ, ನಿಜ. ಆಕ್ಸಲ್, ಚಾಸಿ, ಬ್ರೇಕ್ ಮಾತ್ರ ಹಳೆಯವೇ. ಹಿಂದಿನ ಆಕ್ಸಲ್ ಹತ್ತಿರ ಲೋಡ್ ಸೆನ್ಸಿಂಗ್ ವಾಲ್ವ್ ಇರುವ ಗಾಡಿಗಳಲ್ಲಿ ಇನ್ನೊಂದು ಅಪಾಯ ಇದೆ. ಚಾಸಿಗೂ ಆಕ್ಸಲ್‌ಗೂ ನಡುವಿನ ಅಂತರ ನೋಡಿ ಆ ವಾಲ್ವ್ ಲೋಡನ್ನು ಅಳೆಯುತ್ತದೆ. ಗಾಡಿ ಕೂತರೆ ಹಿಂದಿನ ಬ್ರೇಕಿಗೆ ಎಣ್ಣೆಯ ಒತ್ತಡ ಹೆಚ್ಚು ಬಿಡುತ್ತದೆ, ಎದ್ದಿದ್ದರೆ ಕಡಿಮೆ ಬಿಡುತ್ತದೆ. ಹೆಚ್ಚಿಗೆ ಪ್ಲೇಟ್ ಹಾಕಿದಾಗ ತುಂಬಿದ ಗಾಡಿಯೂ ಎದ್ದೇ ಇರುತ್ತದೆ. ವಾಲ್ವ್ ಅದನ್ನು ಖಾಲಿ ಗಾಡಿ ಎಂದೇ ತಿಳಿಯುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಹಿಂದಿನ ಬ್ರೇಕ್ ಅರ್ಧಂಬರ್ಧ ಹಿಡಿದು ಪೂರ್ತಿ ಭಾರ ಮುಂದಿನ ಡಿಸ್ಕಿನ ಮೇಲೆ ಬೀಳುತ್ತದೆ. ಪ್ಲೇಟ್ ಹಾಕಿಸಲೇಬೇಕಾದ ಸ್ಥಿತಿ ಬಂದಿದೆ ಎಂದರೆ ಗಾಡಿ ಬದಲಿಸುವ ಕಾಲ ಬಂದಿದೆ, ಅಷ್ಟೇ.

ಘಾಟಿಯ ಮಾತು ಬಂದದ್ದಕ್ಕೆ: 55 ಎನ್‌ಎಂ ಟಾರ್ಕಿನಲ್ಲಿ ಪೂರ್ತಿ ಲೋಡ್ ಹತ್ತಿಸುವುದೆಂದರೆ ಎರಡನೇ ಗೇರು, ತಿರುವಿನಲ್ಲಿ ಒಂದನೇದು. ಹತ್ತುತ್ತದೆ, ಆದರೆ ಕ್ಲಚ್ ಪ್ಲೇಟ್ ಅದರ ಬೆಲೆ ತೆರುತ್ತದೆ. ಮಲೆನಾಡಿನಿಂದ ಕರಾವಳಿಗೆ ದಿನನಿತ್ಯದ ಬಾಡಿಗೆ ಇರುವವರಿಗೆ ಏಸ್ ಬೇಡವೇ ಬೇಡ.

ಕಾಗದಪತ್ರದಲ್ಲಿ ಒಂದು ಗೆರೆ ಇದೆ, ಅದನ್ನು ಕೊಳ್ಳುವ ಮೊದಲೇ ನೋಡಬೇಕು. ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನ ಪ್ರಕಾರ ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಏಸ್ ಇದರೊಳಗೆ ಆರಾಮಾಗಿ ಬರುತ್ತದೆ, 1.7 ಟನ್ ಪಿಕ್‌ಅಪ್ ಬರುವುದಿಲ್ಲ. 1.3 ಟನ್ ಮಾದರಿಗಳು ಗೆರೆಯ ಆಸುಪಾಸಿನಲ್ಲೇ ಇರುತ್ತವೆ, ಆದ್ದರಿಂದ ಕೊಟೇಶನ್ನಿನಲ್ಲಿ ಒಟ್ಟು ತೂಕ ಬರೆಸಿಕೊಳ್ಳಿ. ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) ಎರಡಕ್ಕೂ ಒಂದೇ ರೀತಿ: ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಲೈಸೆನ್ಸಿನ ಗೊಂದಲವನ್ನು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಬಗೆಹರಿಸಿದೆ. ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದವರು 7,500 ಕೆಜಿವರೆಗಿನ ಸರಕು ಗಾಡಿ ಓಡಿಸಬಹುದು. ಓವರ್‌ಲೋಡ್ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ 20,000 ರೂಪಾಯಿ ದಂಡ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಏಸ್‌ನ ಎಷ್ಟೋ ದಿನದ ಉಳಿತಾಯ ಒಂದೇ ಚೀಟಿಯಲ್ಲಿ ಹೋಗುತ್ತದೆ.

ನಡುವಿನ ದಾರಿಯೂ ಉಂಟು. ಅಶೋಕ್ ಲೇಲ್ಯಾಂಡ್ ದೋಸ್ತ್, ಟಾಟಾ ಇಂಟ್ರಾ ವಿ30 ಇವು ಒಂದೂಕಾಲು ಟನ್ನಿನ ಆಸುಪಾಸಿನವು, ಸುಮಾರು ಒಂದೂವರೆ ಲೀಟರಿನ ಡೀಸೆಲ್ ಎಂಜಿನ್. ಲೋಡ್ ಎಂಟುನೂರರಿಂದ ಸಾವಿರದ ಇನ್ನೂರು ಕೆಜಿ ನಡುವೆ ಓಡಾಡುತ್ತಿದ್ದರೆ ಬೊಲೆರೊದ ಕಂತು ಹೊರುವ ಬದಲು ಇವನ್ನು ಓಡಿಸಿ ನೋಡಿ.

ಹಳೆ ಗಾಡಿ ಕೊಳ್ಳುವವರು ಮೀಟರ್ ನೋಡುವ ಮೊದಲು ಅಡಿಗೆ ಮಲಗಿ ನೋಡಬೇಕು. ಹಿಂದಿನ ಕಮಾನಿನ ಪ್ಲೇಟ್ ಎಣಿಸಿ. ಒಂದು ಹೊಸ ಬಣ್ಣದ್ದು, ಉಳಿದವು ತುಕ್ಕಿನವು ಎಂದರೆ ಹೆಚ್ಚಿಗೆ ಹೇರಿದ ಗಾಡಿ. ಯು-ಬೋಲ್ಟ್ ಹತ್ತಿರ, ಕ್ಯಾಬಿನ್ ಹಿಂದೆ ಬಾಡಿ ಶುರುವಾಗುವಲ್ಲಿ ಚಾಸಿಗೆ ವೆಲ್ಡಿಂಗ್ ಗುರುತು ಇದ್ದರೆ ಮಾತು ಮುಂದುವರಿಸಬೇಡಿ. ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಅಲುಗಾಡಿಸಿ. ಟಕಟಕ ಎಂದರೆ ಅದರ ಕೀಲು, ಅಂದರೆ ಕ್ರಾಸ್, ಹೋಗಿದೆ. ಏಸ್ ಆದರೆ ಮುಂದಿನ ಚಕ್ರವನ್ನು ಜಾಕ್ ಮೇಲೆ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಚಕ್ರ ತಿರುಗಿಸುವ ಕೀಲಾದ ಕಿಂಗ್‌ಪಿನ್ ಸವೆದಿದ್ದರೆ ಆಟ ಕೈಗೇ ಸಿಗುತ್ತದೆ. ಎಂಜಿನ್ ತಣ್ಣಗಿರುವಾಗ ಕೂಲಂಟ್ ಡಬ್ಬಿಯಲ್ಲಿ ಬರೀ ನೀರು ಕಂಡರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಕೇಳಿ. ಕೊನೆಗೆ, ಮಾರುವವರ ಒಪ್ಪಿಗೆ ಪಡೆದು ಅರ್ಧ ಲೋಡ್ ಹಾಕಿಸಿ ಏರಿನಲ್ಲಿ ಓಡಿಸಿ ನೋಡಿ. ಖಾಲಿ ಗಾಡಿಯ ಟೆಸ್ಟ್ ಡ್ರೈವ್‌ನಲ್ಲಿ ಕ್ಲಚ್ಚೂ ಗೇರ್‌ಬಾಕ್ಸೂ ಏನನ್ನೂ ಹೇಳುವುದಿಲ್ಲ.