ಅಡಿಕೆ ಕತ್ತರಿಯಿಂದ ಚಿತ್ರ: ಟ್ಯಾಬ್ಲೆಟ್ ಒಳ್ಳೇದೋ, ಕಾಗದವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕಾಗದಕ್ಕೆ. ಮನೆಯ ಸಾಮಾನನ್ನೇ ಹಾಳೆ ಮೇಲಿಟ್ಟು, ಸುತ್ತ ಗೆರೆ ಎಳೆದು, ಅದನ್ನು ಇನ್ನೊಂದೇನೋ ಮಾಡುವ ಕೆಲಸ ಇದು. ಕ್ರಿಸ್ಟೋಫ್ ನೀಮನ್ ಎಂಬ ಜರ್ಮನ್ ಕಲಾವಿದ ಹೀಗೆ ಬಿಡಿಸಿದ ಚಿತ್ರಗಳನ್ನು ಫೋನಿನಲ್ಲಿ ನೋಡಿಯೇ ನನಗೆ ಹುಚ್ಚು ಹತ್ತಿದ್ದು. ಅದಕ್ಕಾಗಿ ಪೆನ್ನಿರುವ ಟ್ಯಾಬ್ಲೆಟ್ ಕೊಂಡೆ. ಈಗ ಅದರಲ್ಲಿ ಮಗಳು ಪಾಠ ನೋಡುತ್ತಾಳೆ.

ಟ್ಯಾಬ್ಲೆಟ್ ಕೆಟ್ಟದ್ದಲ್ಲ. ಫೋಟೊ ಹಾಕಿ ಅದರ ಮೇಲೆ ಬಿಡಿಸಬಹುದು, ಬೇಡವಾದರೆ ಅಳಿಸಬಹುದು. ತೊಂದರೆ ಬೇರೆ ಕಡೆ ಇದೆ. ಅಡಿಕೆ ಕತ್ತರಿಯ ಫೋಟೊ ತೆಗೆಯುವಾಗಲೇ ತಲೆಯಲ್ಲಿ ಹಕ್ಕಿಯ ಕೊಕ್ಕು ಕೂತಿತ್ತು. ಹಿಡಿ ಉದ್ದ ಅನ್ನಿಸಿತು, ಕುಗ್ಗಿಸಿದೆ. ತುಕ್ಕು ಕಂಡಿತು, ಅಳಿಸಿದೆ. ಕೊನೆಗೆ ಬಂದದ್ದು ಎಲ್ಲರೂ ಬಿಡಿಸುವ ಹಕ್ಕಿ. ನಾವು ಹೇಳಿದಂತೆಲ್ಲ ವಸ್ತು ಬಗ್ಗಿದರೆ, ಹೊಸದು ಎಲ್ಲಿಂದ ಬರಬೇಕು, ಅಲ್ವಾ?

ಅದೇ ಕತ್ತರಿಯನ್ನು ಕಾಗದದ ಮೇಲಿಟ್ಟೆ. ಇಲ್ಲಿ ಕುಗ್ಗಿಸುವ ಮಾತಿಲ್ಲ. ತಿರುಗಿಸಬೇಕು, ಬಾಯಿ ತೆರೆಯಬೇಕು, ಅಷ್ಟೇ. ಒಂದು ಹಿಡಿ ನೆಟ್ಟಗೆ, ಇನ್ನೊಂದು ಅಡ್ಡಕ್ಕೆ ಬಂದಾಗ ನಾಟಿ ಗದ್ದೆಯಲ್ಲಿ ಬಗ್ಗಿ ನಿಂತ ಹೆಂಗಸು ಕಂಡಳು. ಬೆನ್ನ ಮೇಲೆ ಮಳೆಗೆ ಹೊದೆಯುವ ಗೊರಬಿನ ಕಮಾನು, ಕೈಯಲ್ಲಿ ಸಸಿ, ಕಾಲಡಿ ನೀರಿನ ಎರಡು ಗೆರೆ ಎಳೆದೆ. ಕೀಲಿನ ತುಕ್ಕು ಸರಿಯಾಗಿ ಸೊಂಟದ ಜಾಗಕ್ಕೆ ಬಂದಿತ್ತು. ಆ ಸೊಂಟನೋವು ನಾನು ಯೋಚಿಸಿದ್ದಲ್ಲ, ಕತ್ತರಿಯೇ ಕೊಟ್ಟಿದ್ದು. ಪಿಕಾಸೊ 1942ರಲ್ಲಿ ಸೈಕಲ್ಲಿನ ಸೀಟು, ಹ್ಯಾಂಡಲ್ ಜೋಡಿಸಿ ಗೂಳಿಯ ತಲೆ ಮಾಡಿದ. ಅಲ್ಲಿ ಸೀಟೂ ಕಾಣುತ್ತದೆ, ಗೂಳಿಯೂ ಕಾಣುತ್ತದೆ. ಎರಡೂ ಒಟ್ಟಿಗೆ ಕಂಡರೇ ಅದು ರೂಪಕ.

ಆದರೆ ನಮ್ಮ ಮಲೆನಾಡಿನಲ್ಲಿ ಕಾಗದಕ್ಕೆ ಥಂಡಿಯ ಕಾಟ. ಪುಷ್ಯ ಮಳೆ ಹಿಡಿಯಿತೆಂದರೆ ಡ್ರಾಯಿಂಗ್ ಶೀಟು ಹಳೇ ಪಂಚೆಯ ಹಾಗೆ ಮೆತ್ತಗಾಗುತ್ತದೆ. ಕಾಗದ ಇಂಕು ಹೀರದಿರಲಿ ಅಂತ ಹಾಕಿದ ಅಂಟು ಥಂಡಿಗೆ ಸೋಲುತ್ತದೆ. ಎಳೆದ ಗೆರೆ ಅಂಚಿನಲ್ಲೆಲ್ಲ ಕವಲೊಡೆದು ಹರಡುತ್ತದೆ. ಕಬ್ಬಿಣ ಇಟ್ಟರಂತೂ ಕೇಳಬೇಡಿ. ಬೆಳಗ್ಗೆ ಒಳ್ಳೇ ಬೆಳಕಿನಲ್ಲಿ ಫೋಟೊ ತೆಗೆಯೋಣ ಅಂತ ಕತ್ತರಿಯನ್ನು ಹಾಗೇ ಬಿಟ್ಟಿದ್ದೆ. ಎದ್ದು ನೋಡಿದರೆ ಹೆಂಗಸಿನ ಕಾಲಿನ ಪಕ್ಕ ಕಂದು ಕಲೆ. ಉಜ್ಜಿದರೆ ಕಾಗದವೇ ಎದ್ದು ಬಂತು.

ಅಮ್ಮ ಹೇಳಿದರು ಅಂತ ಹಾಳೆಗಳನ್ನು ಒಲೆ ಮೇಲಿನ ಅಟ್ಟಕ್ಕೆ ಹಾಕಿದೆ. ಒಣಗಿದವು, ಜೊತೆಗೆ ಹೊಗೆಯ ಬಣ್ಣವೂ ಹತ್ತಿತು. ಕೊನೆಗೆ ಕೈಹಿಡಿದದ್ದು ಬಿಗಿ ಮುಚ್ಚಳದ ಡಬ್ಬಿ. ತಳದಲ್ಲಿ ಹುರಿದು ಆರಿಸಿದ ಅಕ್ಕಿಯ ಗಂಟು ಇಡುತ್ತೇನೆ, ಬೇಕಾದಾಗ ಒಂದೇ ಹಾಳೆ ತೆಗೆಯುತ್ತೇನೆ. ಮಳೆಗಾಲಕ್ಕೆ ಮಾತ್ರ 300 ಜಿಎಸ್‌ಎಂನ ದಪ್ಪ ಕಾಗದ, ರೇಟು ಜಾಸ್ತಿಯಾದರೂ ಸರಿ. ವಸ್ತುವಿನ ಅಂಚನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ ಎತ್ತಿಬಿಡುತ್ತೇನೆ, ಫೋಟೊ ತೆಗೆಯುವಾಗ ಮತ್ತೆ ಇಡುತ್ತೇನೆ.

ಸಾಗರದ ಕಡೆ ಗೋಡೆ ಮೇಲೆ ಹಸೆ ಚಿತ್ತಾರ ಬರೆಯುವ ಪುಂಡಿ ನಾರಿನ ಕುಂಚದಲ್ಲೂ ಬಿಡಿಸಿ ನೋಡಿದೆ. ನೇರ ಗೆರೆಗೆ ಅದಕ್ಕೆ ಸಾಟಿಯಿಲ್ಲ. ಸಣ್ಣ ಬಾಗು ಮಾತ್ರ ನನ್ನ ಕೈಗೆ ಸಿಗಲಿಲ್ಲ.

ಶಿವಮೊಗ್ಗದಲ್ಲಿ ಕೂತು ಪತ್ರಿಕೆಗೆ ಚಿತ್ರ ಕಳಿಸುವವರಿಗೆ, ದಿನಾ ತಿದ್ದುಪಡಿ ಮಾಡಬೇಕಾದವರಿಗೆ ಟ್ಯಾಬ್ಲೆಟ್ಟೇ ಸರಿ. ನಾನು ರಾತ್ರಿ ಪಾತ್ರೆ ತೊಳೆದ ಮೇಲೆ ಅಡುಗೆಮನೆಯಲ್ಲೇ ಕೂತು ಬಿಡಿಸುವವಳು. ಆ ಹೊತ್ತಿಗೆ ಕರೆಂಟೂ ಇರುವುದಿಲ್ಲ. ಒಂದು ಬ್ರಷ್ ಪೆನ್ನು, ನಾಲ್ಕು ಹಾಳೆ ಇದ್ದರೆ ಸಾಕು. ಈಗ ಶುರು ಮಾಡುವವರು ಮಳೆ ಬಿಡುವ ತನಕ ಕಬ್ಬಿಣದ ಸಾಮಾನು ಮುಟ್ಟಬೇಡಿ. ಕರಟ, ಬಾಚಣಿಗೆ, ಒಣಗಿದ ಅಡಿಕೆ ಸಿಪ್ಪೆ ಇಟ್ಟುಕೊಂಡು ನೋಡಿ.